ಎರಡು ಗಾಡಿಗಳ ಕೆಳಗಿನ ಗುರುತು

...ಅಥವಾ ಆ ಗುರುತನ್ನು ಮೊದಲು ನೋಡಿದ್ದು ಅಣ್ಣ ಅಲ್ಲ, ನನ್ನ ಗಂಡನೇ ಇರಬಹುದು. ಇಷ್ಟು ವರ್ಷ ಈ ಸಂಗತಿ ಹೇಳುವಾಗಲೆಲ್ಲ, ಅಣ್ಣ ಮೊಣಕಾಲೂರಿ ಗಾಡಿಯ ಕೆಳಗೆ ಬಗ್ಗಿದ, ಎದ್ದ, ಅವನ ಮುಖ ಕಪ್ಪಿಟ್ಟಿತ್ತು ಎಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ದಿನ ನಾನು ಕೂತಿದ್ದು ಗಾಡಿ ರಿಪೇರಿ ಮಾಡುವ ಮಿಸ್ತ್ರಿಯ ಅಂಗಳದ ಬೇವಿನ ಕಟ್ಟೆಯ ಮೇಲೆ. ಅಲ್ಲಿಂದ ಗಾಡಿಯ ಆ ಮಗ್ಗುಲು ಕಾಣುವುದಿಲ್ಲ. ಮೊನ್ನೆ ಆಳಂದಕ್ಕೆ ಹೋದಾಗ ಬೇಕೆಂದೇ ಆ ಜಾಗ ಹುಡುಕಿಕೊಂಡು ಹೋದೆ. ಅಲ್ಲೀಗ ಟೈರಿನ ಅಂಗಡಿ ಇದೆ, ಕಟ್ಟೆ ಅರ್ಧ ಉಳಿದಿದೆ. ಕೂತು ನೋಡಿದೆ. ಕಾಣುವುದಿಲ್ಲ. ಹಾಗಾದರೆ ಅಣ್ಣನ ಕಪ್ಪಿಟ್ಟ ಮುಖವನ್ನು ನನಗೆ ಕೊಟ್ಟವರು ಯಾರು? ಗಂಡ ಹೇಳಿದ್ದೇ? ಅತ್ತೆ ಹೇಳಿದ್ದೇ? ನಾನೇ ಬೇಕಾಗಿ ಬರೆದುಕೊಂಡದ್ದೇ?

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಎಂಬತ್ತರ ದಶಕ ಮುಗಿಯುತ್ತಿತ್ತು, ಅಥವಾ ಮುಗಿದಿತ್ತು. ನನ್ನ ಗಂಡ ಆಳಂದದಿಂದ ನಿಂಬರ್ಗಾ ಹಾಯ್ದು ಅಫಜಲಪುರಕ್ಕೆ ಒಂದು ಕೆಂಪು ಜೀಪು ಓಡಿಸುತ್ತಿದ್ದ. ನನ್ನ ತವರು ಜೇವರ್ಗಿ. ಅಲ್ಲಿಂದ ನನ್ನಣ್ಣ ಒಂದು ನೀಲಿ ವ್ಯಾನನ್ನು ಹೊಳೆ ದಾಟಿಸಿ ಅದೇ ಅಫಜಲಪುರಕ್ಕೆ ತರುತ್ತಿದ್ದ. ಜೀಪು ಒಂದು ಕಂಪನಿಯದು, ವ್ಯಾನು ಇನ್ನೊಂದರದು. ಆ ಎರಡು ಕಂಪನಿಗಳಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಗುಲಬರ್ಗಾದಲ್ಲಿ ಅವುಗಳ ಏಜೆಂಟರು ಎದುರುಬದುರು ಅಂಗಡಿ ಇಟ್ಟುಕೊಂಡಿದ್ದರು. ಒಬ್ಬನ ಬಳಿ ಹೋದರೆ ಅರ್ಧ ಹೊತ್ತು ತನ್ನ ಗಾಡಿಯ ಗುಣ, ಉಳಿದರ್ಧ ಎದುರಿನವನ ಗಾಡಿಯ ಅವಗುಣ. ಅದನ್ನೇ ನನ್ನ ಗಂಡ ಮತ್ತು ಅಣ್ಣ ಮನೆಗೆ ಹೊತ್ತು ತರುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತರೆ ಇದೇ ಮಾತು.

"ಭಾವಾ, ನಿಮ್ಮ ವ್ಯಾನ್ ಚಲೋ ಅದ ಬಿಡ್ರಿ," ಎನ್ನುತ್ತಿದ್ದ ಗಂಡ. "ಮುಂದ ಕಟ್ಟಾಕ ಎರಡು ಎತ್ತು ಬೇಕು, ಅಷ್ಟ."

"ನಿಮ್ಮ ಜೀಪ್ ಅದಕ್ಕಿಂತ ಚಲೋ," ಎನ್ನುತ್ತಿದ್ದ ಅಣ್ಣ. "ಬಸುರಿ ಹೆಂಗಸಿಗೆ ದವಾಖಾನಿ ಹುಡುಕೋ ತ್ರಾಸ ಇಲ್ಲ. ನಿಂಬರ್ಗಾ ಬರೂದ್ರಾಗ ಹೆರಿಗಿ ಮುಗಿದಿರ್ತದ."

ಅತ್ತೆಯೂ ನಗುತ್ತಿದ್ದರು. ನಾನೂ. ಸಂತೆಯ ದಿನ ಎರಡೂ ಗಾಡಿ ಅಫಜಲಪುರದಿಂದ ಗೊಬ್ಬೂರಿನವರೆಗೆ ಒಂದೇ ರಸ್ತೆ ಹಿಡಿಯುತ್ತಿದ್ದವು. ಆಗ ಮಂದಿಯೂ ಎರಡು ಪಕ್ಷವಾಗುತ್ತಿದ್ದರು, ಕೆಂಪಿನವರು, ನೀಲಿಯವರು. ತೊಗರಿ ಚೀಲ ಹೊತ್ತವನೂ ಕೋಳಿ ಹಿಡಿದವಳೂ ಯಾವ ಗಾಡಿ ಹತ್ತಬೇಕೆಂದು ಮನೆಯಿಂದಲೇ ನಿಶ್ಚಯಿಸಿ ಬರುತ್ತಿದ್ದರಂತೆ.

ಆ ಬೇಸಿಗೆ ಅಣ್ಣ ನನ್ನನ್ನು ಒಂದು ಮದುವೆಯಿಂದ ಆಳಂದದ ಗಂಡನ ಮನೆಗೆ ಬಿಟ್ಟು ಹೊರಟ. ನಿಂಬರ್ಗಾ ದಾಟುವಷ್ಟರಲ್ಲಿ ವ್ಯಾನಿನ ಚಾಸಿ, ಅಂದರೆ ಇಡೀ ಗಾಡಿ ಕೂತಿರುವ ಕೆಳಗಿನ ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಆಳಂದಕ್ಕೇ ವಾಪಸು ಬಂದ. ಆಳಂದದಲ್ಲಿ ಇದ್ದದ್ದು ಒಬ್ಬನೇ ಒಳ್ಳೆಯ ಮಿಸ್ತ್ರಿ, ಎಲ್ಲರೂ ಚಾಚಾ ಎನ್ನುತ್ತಿದ್ದ ಸಾಬರು. ಅವರ ಅಂಗಳದಲ್ಲಿ ನನ್ನ ಗಂಡನ ಜೀಪು ಆಗಲೇ ಚಕ್ರ ಬಿಚ್ಚಿಸಿಕೊಂಡು ಕಲ್ಲುಗಳ ಮೇಲೆ ಕೂತಿತ್ತು. ವ್ಯಾನನ್ನೂ ಅದರ ಪಕ್ಕದಲ್ಲೇ ಎತ್ತಿ ನಿಲ್ಲಿಸಿದರು. ಸುದ್ದಿ ಕೇಳಿ ನಾನೂ ಅಲ್ಲಿಗೆ ಹೋಗಿದ್ದೆ. ಮೇಲಿನಿಂದ ನೋಡಿದರೆ ಒಂದು ಕೆಂಪು ಜೀಪು, ಒಂದು ನೀಲಿ ವ್ಯಾನು. ಕೆಳಗಿನಿಂದ ನೋಡಿದರೆ...

ಇಲ್ಲಿ ಗುರುತಿನ ವಿಷಯ ಹೇಳಬೇಕು. ಹೇಳದಿದ್ದರೆ ಅಣ್ಣ ಹುಚ್ಚನಂತೆ ಕಾಣುತ್ತಾನೆ.

ನಮ್ಮ ತವರಿನಲ್ಲಿ ಎತ್ತುಗಳ ತೊಡೆಯ ಮೇಲೆ ಕಾಸಿದ ಕಬ್ಬಿಣದಿಂದ ಮನೆಯ ಗುರುತು ಸುಡುತ್ತಿದ್ದರು. ನಮ್ಮದು ಕುಡುಗೋಲು, ಅದರ ಬಾಗಿನಲ್ಲಿ ಒಂದು ಚುಕ್ಕೆ. ಬೇರೆ ಮನೆಯವರದು ಬೇರೆ. ನಾನು ಸಣ್ಣವಳಿದ್ದಾಗ ನಮ್ಮ ಎತ್ತು ಕಳವಾಗಿತ್ತು. ಎಷ್ಟೋ ದಿನದ ಮೇಲೆ ಅಪ್ಪ ಅದನ್ನು ಅಫಜಲಪುರದ ದನದ ಸಂತೆಯಲ್ಲಿ ಕಂಡ. ಹಿಡಿದುಕೊಂಡಿದ್ದವನು ತನ್ನದೆಂದು ಆಣೆ ಮಾಡಿದ, ಅತ್ತ, ದೇವರ ಹೆಸರು ಹೇಳಿದ. ಅಪ್ಪ ಮಾತೇ ಆಡಲಿಲ್ಲವಂತೆ. ಎತ್ತನ್ನು ತಿರುಗಿಸಿ ತೊಡೆ ತೋರಿಸಿದ, ಹಗ್ಗ ಹಿಡಿದು ನಡೆದ. ಗುರುತು ಇದ್ದಲ್ಲಿ ಮಾತಿಗೆ ಜಾಗವಿಲ್ಲ ಎಂದು ನಾವು ಬೆಳೆದದ್ದೇ ಹಾಗೆ. ಅಪ್ಪ ತೀರಿಕೊಂಡ ಮೇಲೆ ಎತ್ತು ಹೋದವು, ವ್ಯಾನು ಬಂತು. ಅಣ್ಣ ಆ ಕುಡುಗೋಲನ್ನು ಹಸಿರು ಬಣ್ಣದಲ್ಲಿ ತನ್ನ ಜಾಕಿನ ಮೇಲೆ, ನಟ್ಟು ಬಿಚ್ಚುವ ಪಾನಾಗಳ ಮೇಲೆ, ಗಾಡಿಯಲ್ಲಿಟ್ಟುಕೊಳ್ಳುತ್ತಿದ್ದ ಬಿಡಿಭಾಗಗಳ ಮೇಲೆಲ್ಲ ಬರೆದುಕೊಂಡಿದ್ದ.

ಈಗ ಆ ಅಂಗಳ. ವ್ಯಾನಿನ ಚಾಸಿಯ ಎಡಗಡೆಯ ಕಂಬಿಯಲ್ಲಿ ಒಂದು ಉಬ್ಬು ಗುರುತು: ಗುಂಡಗಿನ ಬಳೆ, ಒಳಗೆ ಅಡ್ಡ ಎರಡು ಗೆರೆ. ಜೀಪಿನ ಚಾಸಿಯ ಎಡಗಡೆಯ ಕಂಬಿಯಲ್ಲಿ, ಅದೇ ಜಾಗದಲ್ಲಿ, ಅದೇ ಬಳೆ, ಅದೇ ಎರಡು ಗೆರೆ.

ಅಣ್ಣ ಆಡಿದ ಮೊದಲ ಮಾತು ಮಾತ್ರ ನನ್ನ ಕಿವಿಯಲ್ಲೇ ಬಿದ್ದದ್ದು, ಯಾರೂ ಕೊಟ್ಟದ್ದಲ್ಲ. "ಭಾವಾ, ನಮ್ಮ ಕಂಪನಿ ಗುರುತು ನಿಮ್ಮ ಗಾಡಿ ಬುಡಕ ಹ್ಯಾಂಗ ಬಂತು?"

ಗಂಡ ನಕ್ಕ. ತಮಾಷೆ ಎಂದುಕೊಂಡಿರಬೇಕು. "ನಿಮ್ಮ ಕಂಪನಿಯವ್ರು ಕಳವು ಮಾಡ್ಯಾರ ನೋಡ್ರಿ."

"ನಾ ಕಳವಿನ ಮಾತ ಆಡಾಕತ್ತೇನಿ. ಹೋದ ವರ್ಷ ಸೀಟ್ ಮಾಡಸಾಕ ಈ ವ್ಯಾನ್ ಇಲ್ಲೇ ಬಿಟ್ಟಿದ್ದೆ. ಯಾರ ಮಾತ ಕೇಳಿ ಬಿಟ್ಟೆ? ನಿಮ್ಮ ಮಾತ ಕೇಳಿ. ನಂದು ಹೊಸಾ ಚಾಸಿ ನಿಮ್ಮ ಗಾಡಿಗೆ ಹೋಗ್ಯದ. ಈ ಒಡಕು ನನಗ ಬಂದದ."

ಚಾಚಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. "ಯಾ ಅಲ್ಲಾ! ಚಾಸಿ ಅಂದ್ರ ಏನ್ ಕುಪ್ಪಸ ಏನ್ರಿ ಸಾಹುಕಾರ, ಇವರದು ಬಿಚ್ಚಿ ಅವರಿಗೆ ತೊಡಸಾಕ?"

"ನೀವು ಸುಮ್ಮನಿರ್ರಿ ಚಾಚಾ. ನಿಮ್ಮ ಕೈ ಇಲ್ದ ಇದು ಆಗಂಗಿಲ್ಲ."

"ನನ್ನ ಕೈ ಅಂತೀರಿ? ಇದ ಕೈಲಿ ನಿಮ್ಮ ಗಾಡಿ ಈಗ ಬೆಸೀಬೇಕು. ಬ್ಯಾಡಂದ್ರ ಹೇಳ್ರಿ, ಹಿಂಗ ಹಗ್ಗಾ ಕಟ್ಟಿ ಜೇವರ್ಗಿ ತನಕ ಎಳಕೊಂಡು ಹೋಗ್ರಿ."

ಅಣ್ಣನ ವಾದದಲ್ಲಿ ಒಂದು ದೊಡ್ಡ ತೂತಿತ್ತು. ಗಾಡಿಗಳ ಚಾಸಿ ಅದಲುಬದಲಾಗಿದ್ದರೆ ಅಣ್ಣನ ವ್ಯಾನಿನ ಕೆಳಗೆ ಜೀಪಿನ ಕಂಪನಿಯ ಬೇರೆ ಗುರುತು ಇರಬೇಕಿತ್ತು. ಎರಡರಲ್ಲೂ ಒಂದೇ ಗುರುತು ಇದೆ ಎಂದರೆ ಅದಲುಬದಲಿನ ಮಾತೇ ನಿಲ್ಲುವುದಿಲ್ಲ. ಇದು ನನಗೆ ಹೊಳೆದದ್ದು ಯಾವಾಗ? ಆಗಲೇ ಎಂದು ಹೇಳಿಕೊಳ್ಳುವ ಆಸೆ ಇದೆ. ಸುಳ್ಳಿರಬೇಕು. ಅಂದು ಯಾರೂ ಆ ಮಾತೆತ್ತಲಿಲ್ಲ, ನನ್ನ ಗಂಡನೂ. ಅವನು ಯಾಕೆ ಎತ್ತಲಿಲ್ಲ ಎಂಬುದು ಆಮೇಲೆ ನನ್ನನ್ನು ಬಹಳ ಕಾಡಿತು. ಅವನು ದಡ್ಡನಲ್ಲ. ಅಂದು ಬೇರೆಯದೇ ಮಾತು ಎತ್ತಿದ. "ನಿಮ್ಮ ಏಜೆಂಟ ನಿಮಗ ನಮ್ಮ ಕಂಪನಿ ಹಳೇ ಚಾಸಿಗೆ ನೀಲಿ ಬಣ್ಣಾ ಹೊಡದು ಮಾರ್ಯಾನ. ಅವನ್ನ ಹೋಗಿ ಕೇಳ್ರಿ," ಎಂದ. ಅಣ್ಣನಿಗೆ ಅದು ಕಳವಿಗಿಂತ ದೊಡ್ಡ ಅವಮಾನವಾಯಿತು.

ವ್ಯಾನಿನ ಬಿರುಕು ಬೆಸೆಯುವವರೆಗೂ ಅಣ್ಣ ಅಂಗಳದಲ್ಲೇ ಕೂತ. ಊಟಕ್ಕೆ ಕರೆಯಲು ಹೋದೆ. ಏಳಲಿಲ್ಲ.

"ತಂಗಿ, ನಿಂದೇನೂ ತಪ್ಪಿಲ್ಲ. ಆದ್ರ ಇವತ್ತಿನಿಂದ ಆ ಮನಿ ಹೊಸ್ತಿಲಾ ನಾ ತುಳಿಯಂಗಿಲ್ಲ."

"ಪಂಚಮಿಗಿ?"

ಅವನು ವ್ಯಾನಿನ ಕಡೆ ಮುಖ ತಿರುಗಿಸಿದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದೊಯ್ದರೆ ಮಾತ್ರ ಮದುವೆಯಾದ ಹೆಣ್ಣು ತವರಿಗೆ ಹೋಗುತ್ತಾಳೆ. ತಾನಾಗಿಯೇ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರೆ ಎರಡೂ ಮನೆಗಳ ಮಾನ ಹೋಗುತ್ತದೆ. ನನಗೆ ಇದ್ದದ್ದು ಒಬ್ಬನೇ ಅಣ್ಣ. ಜೇವರ್ಗಿಯಲ್ಲಿ ಅವ್ವ ಇದ್ದಳು. ವರ್ಷಕ್ಕೊಮ್ಮೆ ಆ ಕೆಲವು ದಿನ ಅವಳ ಪಕ್ಕ ಮಲಗುವುದು ನನ್ನ ಲೆಕ್ಕದಲ್ಲಿ ಹಬ್ಬವಾಗಿತ್ತು. ಆದ್ದರಿಂದ ಆ ಬೇಸಿಗೆಯಲ್ಲಿ ಯಾವ ಚಾಸಿ ಯಾರದು ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಒಂದೇ ಅರ್ಥವಿತ್ತು: ಅಣ್ಣ ಬರುತ್ತಾನೋ ಇಲ್ಲವೋ.

ಮನೆಯಲ್ಲಿ ಅನುಮಾನ ಎಲ್ಲರ ತಟ್ಟೆಗೂ ಬಿತ್ತು. ಅತ್ತೆ ನನ್ನನ್ನೇ ಕೇಳಿದರು. "ತವರು ಮನಿ ಗಾಡಿ ಮುರದ್ರ ನಮ್ಮ ಮ್ಯಾಲ ಬರ್ತಾರಲ್ಲ, ನೀ ಏನ್ ಹೇಳಿ ಕಳಸೀದಿ ಬೇ?" ನಾನು ಗಂಡನನ್ನು ಅನುಮಾನಿಸಿದೆ. ನಿದ್ದೆಯಲ್ಲಿ ಮಗ್ಗುಲಾದರೂ ಅನುಮಾನಿಸಿದೆ. ಅವನು ಚಾಚಾರನ್ನು ಅನುಮಾನಿಸಿದ. ಚಾಚಾ ನಮ್ಮೆಲ್ಲರನ್ನೂ. ಅವರ ಅಂಗಳಕ್ಕೆ ಗಾಡಿ ಬರುವುದು ಕಡಿಮೆಯಾಯಿತು ಎಂದು ಕೇಳಿದೆ. ಚಾಸಿ ಬದಲಿಸುವ ಮಿಸ್ತ್ರಿ ಎಂದು ನಿಂಬರ್ಗಾದ ಚಹಾದ ಅಂಗಡಿಯಲ್ಲೂ ಮಾತಾಗಿತ್ತಂತೆ.

ಮಳೆಗಾಲ ಹಿಡಿಯುವ ಮೊದಲು ಗಂಡ ಗುಲಬರ್ಗಾಕ್ಕೆ ಹೊರಟ, ಜೀಪಿನ ಏಜೆಂಟನನ್ನು ಕೇಳಿಬರುತ್ತೇನೆಂದು. ನಾನೂ ಬರುತ್ತೇನೆ ಎಂದೆ. ಹಲ್ಲುನೋವಿನ ನೆಪ ಹೇಳಿದೆ. ಅವನೊಬ್ಬನೇ ಹೋಗಿ ಬಂದು ಹೇಳುವುದನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಏಜೆಂಟ ದಪ್ಪ ಮನುಷ್ಯ, ಬಿಳಿ ಸಫಾರಿ. ಮೊದಲು ಏನೂ ಗೊತ್ತಿಲ್ಲವೆಂದ. ಗಂಡ ದನಿ ಏರಿಸಿದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದ.

"ಎರಡೂ ಒಂದ ಕಡೆ ತಯಾರ ಆಗ್ತಾವ್ರಿ."

"ಯಾವ ಎರಡು?"

"ಚಾಸಿ. ಹೊಸಾದು ಒಂದು ತಯಾರ ಮಾಡಬೇಕಂದ್ರ ವರ್ಷಾನಗಟ್ಟಲೆ ನಕ್ಷಾ ತಗೀಬೇಕು, ಅಚ್ಚು ಮಾಡಬೇಕು, ಓಡಿಸಿ ಮುರದು ನೋಡಬೇಕು. ಒಂದು ಕಂಪನಿಗೆ ಅದು ಭಾರ. ಅದಕ್ಕ ಎರಡೂ ಕಂಪನಿಯವ್ರು ಕೂಡಿ ಒಂದ ಮಾಡಿಸಿದ್ರು. ಬುಡ ಒಂದ, ಮ್ಯಾಲಿಂದು ಬ್ಯಾರೆ. ಅವ್ರು ವ್ಯಾನ್ ಕುಂದ್ರಿಸಿದ್ರು, ನಾವು ಜೀಪ್ ಕುಂದ್ರಿಸೀವಿ. ಆ ಬಳಿ ಗುರುತು ನೋಡೀರಲ್ಲ, ಅದು ಅವರದೂ ಅಲ್ಲ, ನಮ್ಮದೂ ಅಲ್ಲ. ಚಾಸಿ ಮಾಡೋ ಕಾರ್ಖಾನೀದು."

"ಮತ್ತ ನೀವು ಅವರ ಗಾಡಿ ತಗಡು ಅಂತೀರಲ್ಲ?" ಎಂದೆ ನಾನು. ಹಲ್ಲುನೋವು ಮರೆತಿತ್ತು.

"ಅಕ್ಕೋರ, ವ್ಯಾಪಾರದಾಗ ಅನ್ನಬೇಕಾಗ್ತದ."

ಅಷ್ಟರಲ್ಲಿ ಎದುರಿನ ಅಂಗಡಿಯ ಏಜೆಂಟನೇ ಒಳಗೆ ಬಂದ. ಹವಾಯಿ ಚಪ್ಪಲಿ, ಬನಿಯನ್. ನಮ್ಮನ್ನು ಗಿರಾಕಿಗಳೆಂದು ಗಮನಿಸಲೇ ಇಲ್ಲ. "ಅಣ್ಣಾ, ಆ ಚಾಸಿಗೆ ಹಾಕೋ ಬುಶ್ ಒಂದ್ ಸೆಟ್ ಕೊಡೋ, ನಮ್ಮದು ಮುಗದಾವ," ಎಂದ. ಇವನು ಕಪಾಟಿನಿಂದ ಒಂದು ಡಬ್ಬಿ ತೆಗೆದು ಎಸೆದ. ಅವನು ಹಿಡಿದುಕೊಂಡು, ಮೇಜಿನ ಮೇಲಿದ್ದ ಚಹಾದ ಬಟ್ಟಲೊಂದನ್ನು ಕೇಳದೆಯೇ ಎತ್ತಿ ಕುಡಿದು ಹೋದ. ಅದು ನನಗೆಂದು ತರಿಸಿದ್ದ ಚಹಾ.

ಈ ದೃಶ್ಯ ನನ್ನ ನೆನಪಿನಲ್ಲಿ ಇಷ್ಟು ಚೊಕ್ಕವಾಗಿರುವುದೇ ನನಗೆ ಅನುಮಾನ. ಚಹಾದ ಭಾಗ ಆಮೇಲೆ ಸೇರಿತೋ ಏನೋ. ಡಬ್ಬಿ ಎಸೆದದ್ದು ಮಾತ್ರ ನಿಜ. ಗಂಡ ಡಬ್ಬಿ ಹಾರಿದ ದಾರಿಯನ್ನೇ ನೋಡುತ್ತ ನಿಂತಿದ್ದ. ಅವನ ಸಿಟ್ಟು ಇಳಿದಿತ್ತು. ಸಮಾಧಾನವೂ ಇರಲಿಲ್ಲ. ಸಂತೆಯಲ್ಲಿ ಒಳ್ಳೆಯ ಎತ್ತನ್ನು ಕಂಡು ಬೆಲೆ ಕೇಳದೆ ಸುಮ್ಮನೆ ನಿಂತವನ ಮುಖ ಅದು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಅಣ್ಣಗ ಹೇಳಿ ಕಳಸೂಣು. ಎಲ್ಲಾ ಮುಗೀತದ," ಎಂದೆ.

"ಈಗ ಬ್ಯಾಡ."

"ಯಾಕ?"

"ಬ್ಯಾಡ ಅಂದೆ. ನಾ ನೋಡಕೋತೀನಿ."

ಅವನು ನೋಡಿಕೊಳ್ಳುವವರೆಗೆ ನಾನು ಕಾಯಲಿಲ್ಲ. ಜೇವರ್ಗಿ ಬಸ್ಸಿನ ಕಂಡಕ್ಟರ್ ನಮ್ಮ ತವರೂರಿನವನು. ಅವನ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದೆ: ಗುರುತು ಕಾರ್ಖಾನೆಯದು, ಎರಡೂ ಗಾಡಿಯ ಬುಡ ಒಂದೇ, ಯಾರೂ ಏನೂ ಬದಲಿಸಿಲ್ಲ, ಪಂಚಮಿಗೆ ಬಾ. ಕಂಡಕ್ಟರ್ ತಲೆಯಾಡಿಸಿದ. ಬಾಯಲ್ಲಿ ಎಲೆ ಅಡಿಕೆ ಇತ್ತು.

ಪಂಚಮಿ ಬಂತು. ಜೋಳದ ಅಳ್ಳು ಹುರಿದೆವು, ಶೇಂಗಾ ಉಂಡಿ ಕಟ್ಟಿದೆವು. ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅಣ್ಣತಮ್ಮಂದಿರ ಹಿಂದೆ ಹೋದರು. ಬೇರೆ ಊರಿನಿಂದ ತವರಿಗೆ ಬಂದವರು ನಮ್ಮ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ನಾನು ಟ್ರಂಕಿನಲ್ಲಿ ಎರಡು ಸೀರೆ ಮಡಚಿಟ್ಟು, ಗಾಡಿಯ ಸದ್ದಾದಾಗಲೆಲ್ಲ ಹೊರಗೆ ಬಂದೆ.

"ನಿಮ್ಮಣ್ಣ ಬರ್ಲಿಲ್ಲೇನ?" ಎಂದಳು ಪಕ್ಕದ ಮನೆಯವಳು, ಉತ್ತರ ಗೊತ್ತಿದ್ದೇ.

"ಬರ್ತಾನ. ರಸ್ತೆ ಕೆಟ್ಟಿರಬೇಕು."

"ರಸ್ತೆ ಕೆಟ್ಟಿಲ್ಲ ಬಿಡು. ನಿನ್ನಿ ಅಫಜಲಪುರ ಸಂತ್ಯಾಗ ಅವನ ಗಾಡಿ ತುಂಬಿ ತುಳುಕಾಕತ್ತಿತ್ತು. ನಿನ್ನ ಗಂಡಂದೂ ಹಂಗ. ಇಬ್ಬರೂ ಬಾಯಿ ಹರಕೊಂಡು ಬೈದಾಡಾಕತ್ತಿದ್ರು. ಮಂದಿ ಜಾತ್ರಿ ನೋಡಿದಂಗ ನೋಡಿ, ಇವನ ಗಾಡಿಗೆ ಅರ್ಧ, ಅವನ ಗಾಡಿಗೆ ಅರ್ಧ ಹತ್ತಿದ್ರು. ಪಾಪ, ಯಾವನೋ ಹೊಸಬ ಮೂರನೇ ಗಾಡಿ ತಂದು ನಿಲ್ಲಿಸಿದ್ದ. ಅದರಾಗ ಒಂದ ಕೋಳಿನೂ ಹತ್ತಲಿಲ್ಲ."

ಅವಳು ನಗುತ್ತ ಹೇಳಿದಳು. ನಾನೂ ನಕ್ಕಿರಬೇಕು. ಹಬ್ಬ ಕಳೆಯಿತು. ಸೀರೆಗಳನ್ನು ಟ್ರಂಕಿನಿಂದ ತೆಗೆದೆ.

ದಸರೆಯ ಮಾನವಮಿಗೆ ನಮ್ಮಲ್ಲಿ ಗಾಡಿ ತೊಳೆದು ಪೂಜೆ ಮಾಡುತ್ತೇವೆ. ಚಕ್ರಕ್ಕೆ ವಿಭೂತಿ, ಕುಂಕುಮ, ನಿಂಬೆಹಣ್ಣು. ಆ ವರ್ಷ ಗಂಡ ಜೀಪಿನ ಮೇಲೆ ನೀರು ಸುರಿಯುತ್ತಿದ್ದ. ನಾನು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಕೆಸರು ತಿಕ್ಕುತ್ತಿದ್ದೆ. ಒಳಗೆ ಕೈ ಹಾಕಿ, ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಟ್ಟಿಗಳನ್ನು ಒರೆಸಿದೆ. ಒಂದು ಪಟ್ಟಿ ಉಳಿದವುಗಳಿಗಿಂತ ಹೊಸದಾಗಿತ್ತು. ಕೆಸರು ಹೋದಂತೆ ಅದರ ಮೇಲೆ ಹಸಿರು ಬಣ್ಣ ಕಂಡಿತು. ಇನ್ನೂ ತಿಕ್ಕಿದೆ.

ಕುಡುಗೋಲು. ಅದರ ಬಾಗಿನಲ್ಲಿ ಒಂದು ಚುಕ್ಕೆ.

ನಮ್ಮಪ್ಪನ ಎತ್ತಿನ ತೊಡೆಯ ಮೇಲಿದ್ದದ್ದು. ಅಣ್ಣನ ಕೈಬರಹದಲ್ಲಿ ಚುಕ್ಕೆ ಯಾವಾಗಲೂ ಸ್ವಲ್ಪ ಎಡಕ್ಕೆ ಬೀಳುತ್ತಿತ್ತು. ಇಲ್ಲೂ ಎಡಕ್ಕೆ ಬಿದ್ದಿತ್ತು. ವ್ಯಾನಿನ ಪಟ್ಟಿ ಜೀಪಿಗೆ ಕೂರುತ್ತದೆ ಎಂದು ಗೊತ್ತಿದ್ದವನು ಮಾತ್ರ ಇದನ್ನು ಇಲ್ಲಿ ಹಾಕಿಸಬಲ್ಲ.

"ಇದು ಎಲ್ಲಿಂದ ಬಂತು?" ಎಂದೆ.

ಗಂಡ ಬಗ್ಗಿ ನೋಡಿದ. ನೀರಿನ ಕೊಡ ಕೈಯಲ್ಲೇ ಇತ್ತು. "ಗುಜರ್‍ಯಾಗ ಸಿಕ್ತು."

"ಯಾವ ಗುಜರಿ?"

"ಅಫಜಲಪುರದ್ದು. ಯಾಕ, ಪೂಜಿ ಹೊತ್ತಿನ್ಯಾಗ ಏನ್ ಪಂಚಾಯ್ತಿ ಹಚ್ಚೀದಿ?"

ಉಳಿದ ನೀರನ್ನು ಒಂದೇ ಸಲ ಆ ಪಟ್ಟಿಯ ಮೇಲೆ ಸುರಿದ. ನನ್ನ ಸೀರೆಯೂ ತೊಯ್ದಿತು.

ಆ ಚಳಿಗಾಲದಲ್ಲಿ ಅವ್ವ ಹೋದಳು. ಮಣ್ಣಿಗೆ ಹೋದಾಗ ಗಂಡ ಮತ್ತು ಅಣ್ಣ ಒಂದೇ ಚಾಪೆಯ ಮೇಲೆ ಕೂತಿದ್ದರು. ಜಗಳ ಹೇಗೆ ಮುಗಿಯಿತೆಂದು ಯಾರೂ ಕೇಳಲಿಲ್ಲ, ಸಾವಿನ ಮನೆಯಲ್ಲಿ ಎಲ್ಲ ಜಗಳವೂ ಮುಗಿಯುತ್ತದೆ ಎಂದು ಎಲ್ಲರೂ ಅಂದುಕೊಂಡರು. ಅಣ್ಣ, "ಭಾವಾ, ಗಾಡಿ ಹ್ಯಾಂಗ ಅದ?" ಎಂದ. ಗಂಡ, "ನಡದದ ಭಾವಾ," ಎಂದ. ಬಹಳ ದಿನದ ಮೇಲೆ ಮಾತಾಡಿದವರ ದನಿಯಂತೆ ಅದು ನನಗೆ ಕೇಳಲಿಲ್ಲ. ನಿನ್ನೆ ನಿಲ್ಲಿಸಿದ್ದಲ್ಲಿಂದ ಮುಂದುವರಿಸಿದಂತೆ ಕೇಳಿತು. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿಯನ್ನು ನಾನೇ ನಂಬಬಾರದು.

ಮುಂದಿನ ಪಂಚಮಿಗೆ ಅಣ್ಣ ಬಂದ, ಸರಿಯಾದ ಹೊತ್ತಿಗೆ, ನೀಲಿ ವ್ಯಾನು ತೊಳೆದುಕೊಂಡು. ಜೇವರ್ಗಿಯ ದಾರಿಯಲ್ಲಿ ಅವನ ಪಕ್ಕ ಕೂತು ಕೇಳಿದೆ.

"ನಿನ್ನ ಸ್ಪ್ರಿಂಗ್ ಪಟ್ಟಿ ಒಂದು ನಮ್ಮ ಜೀಪಿನ್ಯಾಗ ಅದ."

"ಹೌದೇನು? ಅದು ಕಳುವಾಗಿತ್ತು ಮಾರಾಯ್ತಿ."

"ಕಳುವಾದದ್ದು ನಮ್ಮ ಗಾಡಿಯಾಗ ಹ್ಯಾಂಗ ಬಂತು? ಗುರುತು ನೋಡಿ ಹಗ್ಗ ಹಿಡದು ಒಯ್ಯಂಗಿಲ್ಲೇನು?"

ಅವನು ರಸ್ತೆ ನೋಡುತ್ತಲೇ ನಕ್ಕ. "ಎತ್ತಿನ ಕಾಲ ಹೋತು ತಂಗಿ."

"ಹೋದ ವರ್ಷ ಕಂಡಕ್ಟರ್ ಕೈಲಿ ಹೇಳಿ ಕಳಸಿದ್ದೆ. ಮುಟ್ಟಿತ್ತೇನು?"

"ಯಾವ ಕಂಡಕ್ಟರ್?"

ಮುಂದೆ ಕೇಳಲಿಲ್ಲ. ತವರಿಗೆ ಹೋಗುವ ದಾರಿ ಅದು. ಇನ್ನೊಂದು ಪ್ರಶ್ನೆ ಕೇಳಿದರೆ ಅದೂ ಮುಚ್ಚುತ್ತದೆಂದು ಹೆದರಿದೆ. ಮನೆಗೆ ಹೋದರೆ ಅವ್ವ ಮಲಗುತ್ತಿದ್ದ ಜಾಗದಲ್ಲಿ ತೊಗರಿ ಚೀಲ ಇಟ್ಟಿದ್ದರು.

ಚಾಚಾ ಈಗಿಲ್ಲ. ಅಣ್ಣನೂ ಹೋಗಿ ಕೆಲವು ವರ್ಷಗಳಾದವು. ಆ ಎರಡು ಕಂಪನಿಗಳಲ್ಲಿ ಒಂದು ಇನ್ನೂ ಇದೆ, ಇನ್ನೊಂದು ಏನಾಯಿತೋ ತಿಳಿಯದು. ಗಂಡ ಇದ್ದಾನೆ, ಆರೋಗ್ಯವಾಗಿದ್ದಾನೆ, ಹಳೆಯ ಸಂಗತಿಗಳನ್ನು ಬೇಕಾದಷ್ಟು ಹೇಳುತ್ತಾನೆ. ಈ ಬರಹಕ್ಕೆ ಕೂತಾಗ ಅವನನ್ನೇ ಕೇಳಿದೆ, ಆ ಹಸಿರು ಗುರುತಿನ ಪಟ್ಟಿ ನಿನ್ನ ಕೈಗೆ ಬಂದದ್ದು ಪಂಚಮಿಯ ಮೊದಲೋ ಆಮೇಲೋ, ಇಷ್ಟು ಹೇಳು ಸಾಕು ಎಂದು.

"ಯಾವ ಪಟ್ಟಿ?" ಎಂದ.

ಪಟ್ಟಿ ಪಂಚಮಿಯ ಮೊದಲೇ ಬಂದಿದ್ದರೆ ಅವರಿಬ್ಬರೂ ಆಗಲೇ ಒಂದಾಗಿದ್ದರು. ಅಫಜಲಪುರದ ಬೈದಾಟ ಮೂರನೆಯ ಗಾಡಿಯನ್ನು ಖಾಲಿ ಓಡಿಸಲಿಕ್ಕೆ ಇತ್ತು. ಅಣ್ಣ ನಮ್ಮ ಹೊಸ್ತಿಲು ತುಳಿದರೆ ಆ ಬೈದಾಟ ಸುಳ್ಳೆಂದು ಊರಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಬರಲಿಲ್ಲ. ಆಮೇಲೆ ಬಂದಿದ್ದರೆ, ಅಣ್ಣ ನಿಜವಾಗಿಯೂ ನೊಂದು, ಕಳ್ಳರ ಮನೆಯೆಂದು ನಂಬಿ, ಬರಲಿಲ್ಲ. ಎರಡರಲ್ಲಿ ಯಾವುದು ಎಂದು ನನಗೆ ಗೊತ್ತಿಲ್ಲ. ನನ್ನ ಮಾತು ಅವನಿಗೆ ಮುಟ್ಟಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಆ ಪಂಚಮಿಯಂದು ಅವ್ವನಿಗೆ, ಮಗಳು ಯಾಕೆ ಬರಲಿಲ್ಲವೆಂದು ಅಣ್ಣ ಏನು ಹೇಳಿದ ಎಂಬುದು ಗೊತ್ತಿಲ್ಲ.